ಬಾವಿ ಗೋಡೆಯ ಬಿಳಿ ಮಣ್ಣು



ಬೇಸಿಗೆ ಬಂದರೆ ಪಾಲಕೋಡ್ ಸುತ್ತಮುತ್ತ ಬಾವಿಗಳ ನೀರು ಕೆಳಗೆ ಹೋಗುತ್ತದೆ. ಆಗ ಬಾವಿಯ ಗೋಡೆ ಚೆನ್ನಾಗಿ ಕಾಣುತ್ತದೆ. ನಿಮ್ಮ ಊರಿನಲ್ಲಿ ಕಲ್ಲು ಕಟ್ಟದ ಹಳೇ ಬಾವಿ ಇದ್ದರೆ ಒಂದು ಸಲ ನೋಡಿ. ದಡಕ್ಕೆ ತೀರಾ ಹತ್ತಿರ ಹೋಗಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇವೆ.

ಮೇಲೆ ಕೆಂಪು ಮಣ್ಣು. ಅದರ ಕೆಳಗೆ ಗರಸು. ಗರಸಿನ ಕೆಳಗೆ ಒಂದು ವಿಚಿತ್ರ ಪದರ ಇರುತ್ತದೆ. ನೋಡೋಕೆ ಅದು ಕಲ್ಲು. ಕಲ್ಲಿನ ಪಟ್ಟೆ, ಕಲ್ಲಿನ ಗೆರೆ ಎಲ್ಲಾ ಹಾಗೇ ಇವೆ. ಆದರೆ ಮುಟ್ಟಿದರೆ ಮಣ್ಣು. ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತದೆ. ಅದರ ನಡುವೆ ಅಲ್ಲಲ್ಲಿ ಬಿಳಿ ಪಟ್ಟೆ. ಆ ಬಿಳಿ ಪಟ್ಟೆ ಇನ್ನೂ ಮೆತ್ತಗೆ. ಒಣಗಿದ್ದರೆ ಹಿಟ್ಟಿನ ಹಾಗೆ, ಒದ್ದೆಯಾಗಿದ್ದರೆ ಬೆಣ್ಣೆಯ ಹಾಗೆ. ಇನ್ನೂ ಕೆಳಗೆ ಹೋದರೆ ಗಟ್ಟಿ ಬಂಡೆ. ಅಲ್ಲಿ ಹಾರೆಗೂ ಕೆಲಸ ಇಲ್ಲ, ಸಿಡಿಮದ್ದೇ ಬೇಕು.

ಈ ಬಿಳಿ ಮಣ್ಣು ಎಲ್ಲಿಂದ ಬಂತು? ಹೊರಗಿನಿಂದ ಯಾರೂ ತಂದು ಹಾಕಿಲ್ಲ. ಕೆಳಗಿನ ಗಟ್ಟಿ ಬಂಡೆಯೇ ಕೊಳೆತು ಬಿಳಿ ಮಣ್ಣಾಗಿದೆ. ಬಂಡೆ ಕೊಳೆಯುತ್ತಾ ಅಂತ ಕೇಳಬಹುದು. ಮರ ಕೊಳೆಯೋ ಹಾಗಲ್ಲ. ಆದರೂ ಕೊಳೆಯುತ್ತೆ.

ಈ ಮಣ್ಣಿಗೆ ನಮ್ಮಲ್ಲಿ ಹಲವು ಹೆಸರು. ಕೆಲವರು ಜೇಡಿ ಮಣ್ಣು ಅಂತಾರೆ. ಕೆಲವರು ಸುದ್ದೆ ಅಂತಾರೆ. ಗೋಡೆಗೆ ಬಳಿಯೋಕೆ, ಒಲೆ ಸಾರಿಸೋಕೆ ಹಿಂದಿನವರು ಇದನ್ನು ತರುತ್ತಿದ್ದರು. ಮಂಡ್ಯ ಜಿಲ್ಲೆಯ ಮೇಲುಕೋಟೆಯಲ್ಲಿ ಸಿಗೋ ನಯವಾದ ಬಿಳಿ ಮಣ್ಣು ಶ್ರೀವೈಷ್ಣವರು ಹಣೆಗೆ ಇಡುವ ನಾಮಕ್ಕೆ ಹೆಸರುವಾಸಿ. ಪುಸ್ತಕದಲ್ಲಿ ಇಂಥ ಬಿಳಿ ಮಣ್ಣಿಗೆ ಕೆಯೊಲಿನ್ ಅಂತ ಬರೆಯುತ್ತಾರೆ. ಅದು ಚೀನಾ ದೇಶದ ಒಂದು ಗುಡ್ಡದ ಹೆಸರಿನಿಂದ ಬಂದ ಮಾತು. ಆ ಗುಡ್ಡದ ಹೆಸರು ಗಾವೊಲಿಂಗ್. ಅಲ್ಲಿನ ಮಣ್ಣಿನಿಂದ ಪಿಂಗಾಣಿ ಪಾತ್ರೆ ಮಾಡುತ್ತಿದ್ದರು. ಅದಕ್ಕೇ ಇದಕ್ಕೆ ಚೀನಾ ಮಣ್ಣು ಅಂತಲೂ ಹೆಸರು.

ಆದರೆ ಬೆಳ್ಳಗಿರೋದೆಲ್ಲಾ ಜೇಡಿ ಅಲ್ಲ. ನಮ್ಮ ಹೊಲದಲ್ಲಿ ಬಿಳಿ ಸುಣ್ಣಕಲ್ಲಿನ ಗಂಟು ಸಿಗುತ್ತದೆ. ಅದೂ ಬೆಳ್ಳಗೇ ಇರುತ್ತದೆ. ಎರಡನ್ನೂ ಗುರುತಿಸೋದು ಸುಲಭ. ಒಂದು ನಿಂಬೆಹಣ್ಣು ಕೊಯ್ದು ಅದರ ಮೇಲೆ ಹಿಂಡಿ. ಬುಸುಬುಸು ಅಂತ ನೊರೆ ಬಂದರೆ ಸುಣ್ಣ. ಸುಮ್ಮನೆ ಒದ್ದೆಯಾದರೆ ಜೇಡಿ. ಸುಣ್ಣದ ಗಂಟನ್ನು ಮರೀಬೇಡಿ, ಈ ಲೇಖನದ ಕೊನೆಯಲ್ಲಿ ಅದರ ಮಾತು ಮತ್ತೆ ಬರುತ್ತದೆ. ಸೇಲಂ ಊರಿನ ಹತ್ತಿರ, ಏರ್ಕಾಡ್ ಬೆಟ್ಟದ ಬುಡದಲ್ಲಿ ಬೆಳ್ಳನೆಯ ಗುಡ್ಡಗಳಿವೆ. ಬಸ್ಸಿನಲ್ಲಿ ಹೋಗುವಾಗ ನೋಡಿರುತ್ತೀರಿ. ಅದು ಜೇಡಿಯೂ ಅಲ್ಲ, ಸುಣ್ಣವೂ ಅಲ್ಲ. ಅದು ಮ್ಯಾಗ್ನೆಸೈಟ್ ಎಂಬ ಕಲ್ಲು. ಉಕ್ಕು ಕರಗಿಸುವ ಕುಲುಮೆಯ ಒಳಗೋಡೆಗೆ ಅದರಿಂದ ಇಟ್ಟಿಗೆ ಮಾಡುತ್ತಾರೆ. ನೀವು ಸ್ಲೇಟಿನ ಮೇಲೆ ಬರೆದ ಬಳಪವೂ ಬೇರೆ ಕಲ್ಲು. ಚಾಕ್‌ಪೀಸು ಇನ್ನೂ ಬೇರೆ, ಅದು ಜಿಪ್ಸಂ.

ಒಂದು ಕಲ್ಲು, ನಾಲ್ಕು ಹರಳು

ರಸ್ತೆ ಪಕ್ಕದ ಜಲ್ಲಿ ರಾಶಿಯಿಂದ ಒಂದು ಚೂರು ಕೈಗೆ ತಗೊಳ್ಳಿ. ಬಿಸಿಲಿನಲ್ಲಿ ತಿರುಗಿಸಿ ನೋಡಿ. ದೂರದಿಂದ ಒಂದೇ ಕಲ್ಲು ಅನ್ನಿಸುತ್ತದೆ. ಹತ್ತಿರದಿಂದ ನೋಡಿದರೆ ಬೇರೆ ಬೇರೆ ಹರಳುಗಳು ಒಂದಕ್ಕೊಂದು ಅಂಟಿಕೊಂಡಿವೆ. ಮಿಕ್ಸ್ಚರ್ ಪೊಟ್ಟಣದ ಹಾಗೆ.

ಗಾಜಿನ ಚೂರಿನ ಹಾಗೆ ಮಂಕಾಗಿ ಹೊಳೆಯೋದು ಬೆಣಚು. ತೆಳ್ಳಗೆ ಪದರ ಪದರವಾಗಿ ಮಿಣಿಮಿಣಿ ಅನ್ನೋದು ಕಾಗೆಬಂಗಾರ. ಕಡ್ಡಿಯ ಹಾಗೆ ಕಪ್ಪಗಿರೋದು ಹಾರ್ನ್‌ಬ್ಲೆಂಡ್. ಉಳಿದದ್ದು, ಬಿಳಿ ಇಲ್ಲವೇ ತಿಳಿ ಗುಲಾಬಿ ಬಣ್ಣದ್ದು, ಫೆಲ್ಡ್‌ಸ್ಪಾರ್. ಈ ಹೆಸರು ಬಾಯಿಗೆ ಸುಲಭವಾಗಿ ಬರೋದಿಲ್ಲ. ಎರಡು ಸಲ ಜೋರಾಗಿ ಓದಿ: ಫೆಲ್ಡ್, ಸ್ಪಾರ್. ನಮ್ಮ ಕಡೆಯ ಬಂಡೆಗಳಲ್ಲಿ ಇದರ ಪಾಲು ದೊಡ್ಡದು. ಬಿಳಿ ಮಣ್ಣಿನ ತಾಯಿ ಇದೇ.

ಈ ಸೀಮೆಯ ಬಂಡೆಗಳು ಬಹಳ ಹಳೆಯವು. ಸುಮಾರು 250 ಕೋಟಿ ವರ್ಷದವು. ನೆಲದ ಒಳಗೆ ಬಹಳ ಆಳದಲ್ಲಿ, ಭಾರೀ ಬಿಸಿಯಲ್ಲಿ ಹುಟ್ಟಿದವು. ಅಲ್ಲಿ ಗಾಳಿ ಇರಲಿಲ್ಲ, ಮಳೆ ಇರಲಿಲ್ಲ. ಮೇಲಿನ ಪದರ ಸವೆದು ಸವೆದು ಈ ಬಂಡೆ ಬೆಳಕಿಗೆ ಬಂತು. ಆಳದಲ್ಲಿ ಗಟ್ಟಿಯಾಗಿದ್ದ ಹರಳಿಗೆ ಮೇಲಿನ ಮಳೆ ಗಾಳಿ ಒಗ್ಗೋದಿಲ್ಲ.

ಮಳೆ ಹೇಗೆ ಕಲ್ಲನ್ನು ತಿನ್ನುತ್ತೆ?

ಸೋಡಾ ಬಾಟಲಿ ತೆಗೆದಾಗ ಗುಳ್ಳೆ ಬರುತ್ತಲ್ವಾ? ಆ ಗುಳ್ಳೆ ಇಂಗಾಲದ ಡೈಆಕ್ಸೈಡ್ ಎಂಬ ಗಾಳಿ. ನಾವು ಹೊರಗೆ ಬಿಡೋ ಉಸಿರಿನಲ್ಲೂ ಅದು ಇದೆ. ಮಳೆ ಬೀಳುವಾಗ ಈ ಗಾಳಿ ಸ್ವಲ್ಪ ಹನಿಯೊಳಗೆ ಸೇರುತ್ತದೆ. ನೀರು ನೆಲಕ್ಕೆ ಇಂಗಿದ ಮೇಲೆ ಇನ್ನೂ ಹೆಚ್ಚು ಸೇರುತ್ತದೆ. ಗಿಡದ ಬೇರುಗಳು ಉಸಿರಾಡುತ್ತವೆ. ಮಣ್ಣಿನ ಕಣ್ಣಿಗೆ ಕಾಣದ ಜೀವಿಗಳೂ ಉಸಿರಾಡುತ್ತವೆ. ಅವುಗಳ ಉಸಿರೆಲ್ಲಾ ಮಣ್ಣಿನ ಸಂದಿಯಲ್ಲೇ ಉಳಿಯುತ್ತದೆ. ಹೀಗೆ ಇಂಗಿದ ನೀರು ಒಂದು ಚೂರು ಹುಳಿಯಾಗುತ್ತದೆ. ನಮ್ಮ ನಾಲಿಗೆಗೆ ಗೊತ್ತಾಗದಷ್ಟು ಹುಳಿ. ಕಲ್ಲಿಗೆ ಗೊತ್ತಾಗುತ್ತದೆ.

ಹುಣಸೆಹಣ್ಣು ಹಾಕಿ ತಿಕ್ಕಿದರೆ ತಾಮ್ರದ ಚೊಂಬಿನ ಕಿಲುಬು ಬಿಡುತ್ತಲ್ಲ, ಹಾಗೆ ಈ ಹುಳಿ ನೀರು ಫೆಲ್ಡ್‌ಸ್ಪಾರಿನ ಹರಳಿನಿಂದ ಕೆಲವು ವಸ್ತುಗಳನ್ನು ಬಿಡಿಸುತ್ತದೆ. ಆ ಹರಳಿನಲ್ಲಿ ಏನೇನಿದೆ? ಪೊಟ್ಯಾಷ್ ಇದೆ. ಗೊಬ್ಬರದ ಚೀಲದ ಮೇಲೆ ನೀವು ಓದುವ ಪೊಟ್ಯಾಷೇ ಅದು. ಕೆಲವು ಹರಳಿನಲ್ಲಿ ಪೊಟ್ಯಾಷ್ ಬದಲು ಸೋಡಿಯಂ ಮತ್ತು ಸುಣ್ಣದ ಅಂಶ ಇರುತ್ತದೆ. ಅಲ್ಯೂಮಿನಿಯಂ ಇದೆ, ಅಡುಗೆ ಪಾತ್ರೆಯ ಅಲ್ಯೂಮಿನಿಯಂ. ಮರಳಿನಲ್ಲಿರುವ ಸಿಲಿಕಾ ಇದೆ.

ಹುಳಿ ನೀರು ಮೊದಲು ಪೊಟ್ಯಾಷ್, ಸೋಡಿಯಂ, ಸುಣ್ಣದ ಅಂಶ ಇವನ್ನು ಎಳೆದುಕೊಂಡು ಹೋಗುತ್ತದೆ. ಸಿಲಿಕಾದಲ್ಲೂ ಒಂದು ಪಾಲು ಕರಗಿ ಹೋಗುತ್ತದೆ. ಅಲ್ಯೂಮಿನಿಯಂ ಮಾತ್ರ ನೀರಿನ ಜೊತೆ ಹೋಗೋಕೆ ಒಪ್ಪೋದಿಲ್ಲ. ಅದು ಅಲ್ಲೇ ಉಳಿದು, ಉಳಿದ ಸಿಲಿಕಾ ಮತ್ತು ಸ್ವಲ್ಪ ನೀರನ್ನು ಸೇರಿಸಿಕೊಂಡು ಹೊಸ ವಸ್ತುವಾಗುತ್ತದೆ. ಅದೇ ಬಿಳಿ ಜೇಡಿ.

ಲೆಕ್ಕ ಬೇಕಾ? 100 ಕೆ.ಜಿ. ಶುದ್ಧ ಪೊಟ್ಯಾಷ್ ಫೆಲ್ಡ್‌ಸ್ಪಾರ್ ಪೂರ್ತಿ ಜೇಡಿಯಾದರೆ ಸಿಗೋದು ಸುಮಾರು 46 ಕೆ.ಜಿ. ಮಾತ್ರ. ಅರ್ಧಕ್ಕಿಂತ ಹೆಚ್ಚು ನೀರಿನ ಪಾಲು. ಆ 46 ಕೆ.ಜಿ.ಯಲ್ಲೂ ಸುಮಾರು ಆರೂವರೆ ಕೆ.ಜಿ. ಹೊಸದಾಗಿ ಸೇರಿದ ನೀರು. ಬಿಸಿಲಿಗೆ ಒಣಗಿಸಿದರೂ ಈ ನೀರು ಹೋಗೋದಿಲ್ಲ. ಅದು ಮಣ್ಣಿನ ಕಣದೊಳಗೇ ಹೆಣೆದುಕೊಂಡಿದೆ. ಆವಿಗೆಯಲ್ಲಿ ಕೆಂಪಗೆ ಕಾದಾಗ ಮಾತ್ರ ಬಿಟ್ಟು ಹೋಗುತ್ತದೆ. ಸುಟ್ಟ ಮಡಕೆ ಮತ್ತೆ ನೀರಿನಲ್ಲಿ ಕರಗಿ ಮಣ್ಣಾಗದೇ ಇರೋದು ಇದಕ್ಕೇ.

ಬೆಣಚು ಏನಾಯಿತು? ಅದಕ್ಕೆ ಹುಳಿ ನೀರು ಏನೂ ಮಾಡಲಾರದು. ಸುತ್ತಲಿನ ಹರಳೆಲ್ಲಾ ಮಣ್ಣಾದ ಮೇಲೂ ಅದು ಮರಳಾಗಿ ಉಳಿಯುತ್ತದೆ. ಜೇಡಿಯನ್ನು ಬೆರಳಲ್ಲಿ ಉಜ್ಜಿದಾಗ ಚುರುಚುರು ಅನ್ನೋದು ಅದೇ. ಕಾಗೆಬಂಗಾರ ಮತ್ತು ಕಪ್ಪು ಹರಳಿನಲ್ಲಿ ಕಬ್ಬಿಣ ಇದೆ. ಕಬ್ಬಿಣ ಗಾಳಿ ನೀರಿಗೆ ತುಕ್ಕು ಹಿಡಿಯುತ್ತದೆ. ನಮ್ಮ ಹೊಲದ ಕೆಂಪು ಬಣ್ಣ ಈ ತುಕ್ಕಿನ ಬಣ್ಣ. ಬಂಡೆಯಲ್ಲಿ ಕಬ್ಬಿಣ ಇಲ್ಲದ ಬಿಳಿ ಪಟ್ಟೆ ಎಲ್ಲಿರುತ್ತೋ ಅಲ್ಲಿ ಮಾತ್ರ ಮಣ್ಣು ಬೆಳ್ಳಗೆ ಉಳಿಯುತ್ತದೆ. ಬಾವಿ ಗೋಡೆಯಲ್ಲಿ ಜೇಡಿ ಪಟ್ಟೆ ಪಟ್ಟೆಯಾಗಿ ಕಾಣೋದು ಈ ಕಾರಣಕ್ಕೆ.

ಇದೆಲ್ಲಾ ಎಷ್ಟು ದಿನದಲ್ಲಿ ಆಗುತ್ತೆ? ಧರ್ಮಪುರಿ ಸೀಮೆಯಲ್ಲಿ ಹಳೆಯ ವೀರಗಲ್ಲುಗಳು ಬಹಳ ಇವೆ. ಧರ್ಮಪುರಿಯ ಸರ್ಕಾರಿ ಮ್ಯೂಸಿಯಂನಲ್ಲಿ ಸಾಲಾಗಿ ಇಟ್ಟಿದ್ದಾರೆ. 9ನೇ ಶತಮಾನದಲ್ಲಿ ನೊಳಂಬ ಅರಸರು ಇಲ್ಲಿ ಆಳಿದಾಗ ಬರೆಸಿದ ಕನ್ನಡ ಶಾಸನಗಳೂ ಈ ಊರಿನಲ್ಲಿ ಸಿಕ್ಕಿವೆ. ಸಾವಿರ ವರ್ಷ ದಾಟಿದರೂ ಕಲ್ಲಿನ ಅಕ್ಷರ ಓದೋಕಾಗುತ್ತದೆ. ಅಷ್ಟು ನಿಧಾನ ಈ ಕೆಲಸ. ಒಂದು ಅಡಿ ಗಟ್ಟಿ ಬಂಡೆ ಮೆತ್ತಗಾಗೋಕೆ ಹತ್ತಾರು ಸಾವಿರ ವರ್ಷ ಬೇಕು. ಮಣ್ಣಿನೊಳಗೆ ಹೂತ ಕಲ್ಲು ಬಯಲಲ್ಲಿ ನಿಂತ ಕಲ್ಲಿಗಿಂತ ಬೇಗ ಕೊಳೆಯುತ್ತದೆ. ಬಯಲಲ್ಲಿ ಮಳೆ ಹರಿದು ಹೋಗುತ್ತದೆ, ಒಳಗೆ ತೇವ ನಿಂತಿರುತ್ತದೆ.

ಮಳೆ ಹೆಚ್ಚಿರೋ ಕಡೆ ಜೇಡಿ ದಪ್ಪ. ಧರ್ಮಪುರಿ ಜಿಲ್ಲೆಗೆ ವರ್ಷಕ್ಕೆ ಸರಾಸರಿ 850 ಮಿಲಿಮೀಟರಿನಷ್ಟು ಮಳೆ. ಕೇರಳದಲ್ಲಿ ಅದರ ಮೂರುಪಟ್ಟು. ಅಲ್ಲಿನ ಕುಂಡರ, ತೋನ್ನಕ್ಕಲ್ ಎಂಬ ಊರುಗಳಲ್ಲಿ ಚೀನಾ ಮಣ್ಣಿನ ದೊಡ್ಡ ಗಣಿಗಳಿವೆ. ಕಾಗದದ ನಯ, ಬಣ್ಣದ ಡಬ್ಬಿ, ರಬ್ಬರು, ಪಿಂಗಾಣಿ, ಇದಕ್ಕೆಲ್ಲಾ ಈ ಮಣ್ಣು ಹೋಗುತ್ತದೆ. ನಮ್ಮ ಕಡೆ ಪಟ್ಟೆ ಪಟ್ಟೆಯಾಗಿ ಸಿಗೋದಷ್ಟೇ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಬಾವಿ ತೋಡಿದಾಗ ಎತ್ತಿ ಹಾಕಿದ ಮಣ್ಣಿನ ಗುಡ್ಡೆ ಇರುತ್ತಲ್ಲ, ಅದರಿಂದ ಒಂದು ಹಿಡಿ ಬಿಳಿ ಮಣ್ಣು ತನ್ನಿ. ಗಾಜಿನ ಲೋಟದಲ್ಲಿ ನೀರು ಹಾಕಿ ಕಲಕಿ ಬಿಡಿ. ಮರಳು ಎರಡು ಕ್ಷಣದಲ್ಲಿ ಕೆಳಗೆ ಕೂರುತ್ತದೆ. ಮೇಲಿನ ನೀರು ಹಾಲಿನ ಹಾಗೆ ಇರುತ್ತದೆ. ಆ ಹಾಲನ್ನು ಬೇರೆ ಪಾತ್ರೆಗೆ ಬಸಿದು ಮಾರನೇ ದಿನದವರೆಗೂ ಬಿಡಿ. ತಳದಲ್ಲಿ ಕೆನೆಯಂಥ ಜೇಡಿ ನಿಂತಿರುತ್ತದೆ. ಗಣಿಯಲ್ಲೂ ಮಣ್ಣು ತೊಳೆಯೋದು ಇದೇ ರೀತಿ, ತೊಟ್ಟಿ ದೊಡ್ಡದು ಅಷ್ಟೇ. ಆ ಕಣಗಳು ಎಷ್ಟು ಸಣ್ಣವು ಅಂದರೆ, 500 ಕಣ ಸಾಲಾಗಿ ಇಟ್ಟರೂ ಒಂದು ಮಿಲಿಮೀಟರ್ ತುಂಬೋದು ಕಷ್ಟ.

ಬಾವಿ ದಡದ ಮಾತು

ಈ ಕಣಗಳು ಗುಂಡಗಿಲ್ಲ. ವೀಳ್ಯದೆಲೆಯ ಕಟ್ಟಿನ ಹಾಗೆ ಒಂದರ ಮೇಲೊಂದು ಚಪ್ಪಟೆಯಾಗಿ ಕೂತಿರುತ್ತವೆ. ನಡುವೆ ನೀರು ಸೇರಿದರೆ ಎಲೆ ಮೇಲೆ ಎಲೆ ಜಾರುತ್ತದೆ. ಜೇಡಿ ನಯವಾಗಿರೋದಕ್ಕೂ ಇದೇ ಕಾರಣ, ಬಾವಿ ಕುಸಿಯೋದಕ್ಕೂ ಇದೇ ಕಾರಣ. ಬೇಸಿಗೆಯಲ್ಲಿ ಗಟ್ಟಿಯಾಗಿ ನಿಂತ ಗೋಡೆ ಮಳೆ ಬಿದ್ದ ಮೇಲೆ ಬಿಳಿ ಪಟ್ಟೆಯಿಂದ ಜಾರಿ ಬೀಳಬಹುದು. ಮೇಲಿನ ಮಣ್ಣೂ ಅದರ ಜೊತೆ ಬರುತ್ತದೆ. ಹೂಳೆತ್ತುವವರು ಮಳೆ ನಿಂತ ತಕ್ಷಣ ಅಂಥ ಬಾವಿಗೆ ಇಳಿಯಬಾರದು. ದಡದಲ್ಲಿ ಮಕ್ಕಳನ್ನು ನಿಲ್ಲಿಸಬಾರದು.

ಬೋರು ಕೊರೆಸುವವರಿಗೂ ಇದು ಗೊತ್ತಿರಬೇಕು. ಬೋರು ಕೊರೆಯುವಾಗ ಮೊದಲು ಕೇಸಿಂಗ್ ಪೈಪು ಇಳಿಸುತ್ತಾರೆ. ಅದಕ್ಕೆ ಅಡಿಗೆ ಇಷ್ಟು ಅಂತ ಬೇರೆ ದುಡ್ಡು. ಎಷ್ಟು ಅಡಿ ಇಳಿಸಬೇಕು? ಮೆತ್ತಗಿನ ಪದರ ಮುಗಿದು ಗಟ್ಟಿ ಬಂಡೆ ಸಿಗುವವರೆಗೆ. ದುಡ್ಡು ಉಳಿಸೋಕೆ ನಡುವೆ ನಿಲ್ಲಿಸಿದರೆ ಜೇಡಿ ಜಾರಿ ಒಳಗೆ ಬಿದ್ದು ಬೋರು ಮುಚ್ಚುತ್ತದೆ, ಮೋಟಾರೂ ಸಿಕ್ಕಿಕೊಳ್ಳುತ್ತದೆ. ಹಾಗಂತ ಬೇಕಾದ್ದಕ್ಕಿಂತ ಹೆಚ್ಚು ಪೈಪಿನ ಲೆಕ್ಕ ಬರೆದರೂ ನಷ್ಟ ನಿಮ್ಮದೇ. ಕೊರೆಯುವಾಗ ಪಕ್ಕದಲ್ಲಿ ನಿಂತು ಹೊರಗೆ ಬರುವ ಪುಡಿ ನೋಡಿ. ಕೆಂಪು, ಆಮೇಲೆ ಬಿಳಿ ಹಳದಿ, ಆಮೇಲೆ ಬೂದು ಬಣ್ಣದ ಕಲ್ಲಿನ ಪುಡಿ. ಬೂದು ಬಣ್ಣದ ಪುಡಿ ಒಂದೇ ಸಮ ಬರತೊಡಗಿದರೆ ಗಟ್ಟಿ ಬಂಡೆ ಸಿಕ್ಕಿತು ಅಂತ ಅರ್ಥ. ಆಗ ಎಷ್ಟು ಅಡಿ ಆಯಿತು ಅಂತ ಕೇಳಿ ಚೀಟಿಯಲ್ಲಿ ಬರೆದಿಡಿ. ಬಿಲ್ಲಿನ ಜೊತೆ ಹೋಲಿಸೋಕೆ ಬರುತ್ತೆ.

ಜೇಡಿ ತೇವವಾಗಿದೆ, ಇಲ್ಲೇ ನೀರಿದೆ ಅಂತ ಖುಷಿಪಡಬೇಡಿ. ಜೇಡಿ ನೀರು ಹಿಡಿದಿಟ್ಟುಕೊಳ್ಳುತ್ತೆ, ಬಿಡೋದಿಲ್ಲ. ನೀರು ಸಿಗೋದು ಅದರ ಕೆಳಗೆ, ಕಲ್ಲು ಅರ್ಧ ಒಡೆದು ಅರ್ಧ ಗಟ್ಟಿ ಇರುವ ಸಂದಿಯಲ್ಲಿ.

ಬೇಸಾಯದ ಬಗ್ಗೆ ಒಂದೇ ಮಾತು. ಬಾವಿಯಿಂದ ಎತ್ತಿದ ಬಿಳಿ ಮಣ್ಣನ್ನು ಟೊಮೆಟೊ ಹೊಲಕ್ಕೆ ಹರಡಬೇಡಿ. ಅದರ ಪೊಟ್ಯಾಷ್ ಎಂದೋ ಹೋಗಿದೆ. ಹಾಕಿದ ಗೊಬ್ಬರವನ್ನೂ ಅದು ಕರಿ ಮಣ್ಣಿನಷ್ಟು ಹಿಡಿದಿಟ್ಟುಕೊಳ್ಳೋದಿಲ್ಲ.

ಬಸುರಿಯರಲ್ಲಿ ಕೆಲವರಿಗೆ ಮಣ್ಣು ತಿನ್ನೋ ಆಸೆ ಆಗುತ್ತದೆ. ಇದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ರಕ್ತ ಕಡಿಮೆಯಾದಾಗ ಹೀಗಾಗೋದುಂಟು. ಆದರೆ ಜೇಡಿ ಹೊಟ್ಟೆಯಲ್ಲಿ ಊಟದ ಕಬ್ಬಿಣದ ಅಂಶವನ್ನು ಹಿಡಿದುಕೊಂಡರೆ ರಕ್ತ ಇನ್ನೂ ಕಡಿಮೆಯಾಗಬಹುದು. ನರ್ಸಮ್ಮನಿಗೆ ಹೇಳಿ ರಕ್ತ ಪರೀಕ್ಷೆ ಮಾಡಿಸಿ.

ನೀರು ಎತ್ತಿಕೊಂಡು ಹೋದದ್ದು ಎಲ್ಲಿ ಹೋಯಿತು?

ಅರ್ಧಕ್ಕಿಂತ ಹೆಚ್ಚು ಭಾಗ ನೀರಿನ ಪಾಲಾಯಿತು ಅಂದೆವಲ್ಲ. ಅದು ಎಲ್ಲಿದೆ? ಸ್ವಲ್ಪ ಚಿನ್ನಾರ್ ಹೊಳೆಗೆ ಹೋಯಿತು. ಚಿನ್ನಾರ್ ಹೊಗೇನಕಲ್ ಹತ್ತಿರ ಕಾವೇರಿ ಸೇರುತ್ತದೆ. ಉಳಿದದ್ದು ನೆಲದೊಳಗೇ ಇದೆ. ನಾವು ಬೋರಿನಿಂದ ಎತ್ತಿ ಕುಡಿಯೋ ನೀರಿನಲ್ಲಿ ಇದೆ. ಕೆಲವು ಬೋರಿನ ನೀರು ಸಪ್ಪೆಸಪ್ಪೆ, ಚವುಳು ಚವುಳು ಅನ್ನಿಸೋದು ಇದರಿಂದಲೂ ಹೌದು.

ಇಲ್ಲೇ ಒಂದು ತೊಂದರೆ ಇದೆ. ಕಾಗೆಬಂಗಾರದಲ್ಲಿ, ಕಪ್ಪು ಹಾರ್ನ್‌ಬ್ಲೆಂಡಿನಲ್ಲಿ, ಅಪಟೈಟ್ ಎಂಬ ಸಣ್ಣ ಹರಳಿನಲ್ಲಿ ಫ್ಲೋರೈಡ್ ಎಂಬ ವಸ್ತು ಸ್ವಲ್ಪ ಸ್ವಲ್ಪ ಇರುತ್ತದೆ. ಫೆಲ್ಡ್‌ಸ್ಪಾರ್ ಜೇಡಿಯಾಗುವ ಹೊತ್ತಿನಲ್ಲೇ ಇವೂ ಕೊಳೆಯುತ್ತವೆ. ಫ್ಲೋರೈಡ್ ನೀರಿಗೆ ಬಿಡುತ್ತದೆ. ಬಿಳಿ ಜೇಡಿಯಿಂದ ಅದು ಬರೋದಲ್ಲ, ಜೇಡಿ ಮೇಲೆ ತಪ್ಪು ಹೊರಿಸಬೇಡಿ.

ನೀರಿನಲ್ಲಿ ಸುಣ್ಣದ ಅಂಶ ಸಾಕಷ್ಟು ಇದ್ದರೆ ಅದು ಫ್ಲೋರೈಡನ್ನು ಹೆಚ್ಚಾಗೋಕೆ ಬಿಡೋದಿಲ್ಲ. ಎರಡೂ ಸೇರಿ ಗಟ್ಟಿಯಾಗಿ ತಳಕ್ಕೆ ಕೂರುತ್ತವೆ. ಆದರೆ ನಮ್ಮದು ಒಣ ಸೀಮೆ. ನೀರು ಬೇಗ ಆರುತ್ತದೆ. ಆರುವಾಗ ಸುಣ್ಣದ ಅಂಶ ನೆಲದಲ್ಲೇ ಗಂಟು ಕಟ್ಟುತ್ತದೆ. ನಿಂಬೆಹುಳಿಗೆ ನೊರೆ ಬಿಟ್ಟಿತಲ್ಲ, ಅದೇ ಗಂಟು. ಸುಣ್ಣ ಅಲ್ಲೇ ಉಳಿದ ಮೇಲೆ ಕೆಳಗೆ ಇಳಿದ ನೀರಿನಲ್ಲಿ ಸೋಡಿಯಂ ಹೆಚ್ಚು, ಸುಣ್ಣ ಕಡಿಮೆ. ಅಂಥ ನೀರಿನಲ್ಲಿ ಫ್ಲೋರೈಡ್ ಏರುತ್ತದೆ. ಬಂಡೆಯ ಸಂದಿಯಲ್ಲಿ ನೀರು ಬಹಳ ಕಾಲ ನಿಂತಷ್ಟೂ ಇನ್ನೂ ಏರಬಹುದು. ಆದ್ದರಿಂದ ಆಳದ ಬೋರಿನ ನೀರು ಒಳ್ಳೇದು ಅನ್ನೋ ಮಾತು ಯಾವಾಗಲೂ ನಿಜ ಅಲ್ಲ.

ಫ್ಲೋರೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ನೀರು ಕನ್ನಡಿಯ ಹಾಗೆ ತಿಳಿಯಾಗಿದ್ದರೂ ಅದು ಇರಬಹುದು. ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು. ಬೇರೆ ನೀರು ಸಿಗದ ಕಡೆ 1.5 ಮಿಲಿಗ್ರಾಂ ತನಕ ಆಗಬಹುದು ಅಂತ ನಮ್ಮ ದೇಶದ ನಿಯಮ. ಅದಕ್ಕಿಂತ ಹೆಚ್ಚಿನ ನೀರನ್ನು ಮಕ್ಕಳು ಕುಡಿಯುತ್ತಾ ಬೆಳೆದರೆ ಹಲ್ಲಿನ ಮೇಲೆ ಬಿಳಿ ಮಚ್ಚೆ, ಕಂದು ಗೆರೆ ಬರುತ್ತದೆ. ಎಷ್ಟು ಉಜ್ಜಿದರೂ ಹೋಗೋದಿಲ್ಲ. ಮಗು ಹಲ್ಲು ಉಜ್ಜಿಲ್ಲ ಅಂತ ಬೈಯೋ ಮೊದಲು ಇದನ್ನು ನೆನಪಿಡಿ. ಹಲ್ಲು ದವಡೆಯೊಳಗೆ ತಯಾರಾಗುವಾಗಲೇ, ಅಂದರೆ ಸುಮಾರು 8 ವರ್ಷದೊಳಗೆ, ಈ ಮಚ್ಚೆ ಕೂರುತ್ತದೆ. ಇನ್ನೂ ಹೆಚ್ಚಿನ ಫ್ಲೋರೈಡ್ ನೀರನ್ನು ವರ್ಷಗಟ್ಟಲೆ ಕುಡಿದವರಿಗೆ ಕೀಲು ಬಿಗಿಯುತ್ತದೆ, ಬೆನ್ನು ಬಗ್ಗಿಸೋಕೆ ಆಗೋದಿಲ್ಲ. ವಯಸ್ಸಾಯಿತು ಅಂತ ಸುಮ್ಮನಾಗುವವರು ಬಹಳ ಜನ.

ಕಾಯಿಸಿದರೆ ಹೋಗುತ್ತಾ? ಹೋಗೋದಿಲ್ಲ. ಕಾಯಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗೋದಿಲ್ಲ.

ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಲ್ಲಿ ಈ ತೊಂದರೆ ಹೆಚ್ಚು ಅಂತಲೇ ಹೊಗೇನಕಲ್ ಕುಡಿಯುವ ನೀರಿನ ಯೋಜನೆ ಮಾಡಿದರು. ಜಪಾನ್ ದೇಶದ ಸಾಲದ ನೆರವಿನಿಂದ ಕಟ್ಟಿದ ಈ ಯೋಜನೆ 2013ರಲ್ಲಿ ಶುರುವಾಯಿತು. ಕಾವೇರಿ ಹೊಳೆಯ ನೀರಿನಲ್ಲಿ ಫ್ಲೋರೈಡ್ ಕಡಿಮೆ. ನಿಮ್ಮ ಬೀದಿ ನಲ್ಲಿಗೆ ಹೊಗೇನಕಲ್ ನೀರು ಬರುತ್ತಿದ್ದರೆ ಕುಡಿಯೋಕೂ ಅಡುಗೆಗೂ ಅದನ್ನೇ ಹಿಡಿಯಿರಿ. ಬೋರಿನ ನೀರು ಬಟ್ಟೆ ಒಗೆಯೋಕೆ, ದನಕರು ತೊಳೆಯೋಕೆ ಇರಲಿ. ನಲ್ಲಿ ನೀರು ಸಪ್ಪೆ, ಬೋರಿನ ನೀರೇ ರುಚಿ ಅಂತ ಅಜ್ಜಿ ತಾತ ಹಟ ಮಾಡಬಹುದು. ಮಕ್ಕಳ ಲೋಟಕ್ಕಾದರೂ ನಲ್ಲಿ ನೀರು ಹಾಕಿ.

ಬೋರಿನ ನೀರೇ ಗತಿ ಅನ್ನುವವರು ಪರೀಕ್ಷೆ ಮಾಡಿಸಬೇಕು. ತಮಿಳುನಾಡು ಕುಡಿಯುವ ನೀರು ಸರಬರಾಜು ಮಂಡಳಿಯ ಪ್ರಯೋಗಾಲಯದಲ್ಲಿ ನೀರಿನ ಪರೀಕ್ಷೆ ಮಾಡುತ್ತಾರೆ. ಯಾವಾಗ, ಎಲ್ಲಿ ಕೊಡಬೇಕು ಅಂತ ಪಂಚಾಯಿತಿ ಆಫೀಸಿನಲ್ಲಿ ಕೇಳಿ. ಒಂದು ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು. ಗಾಜಿನದು ಬೇಡ. ಅದೇ ಬೋರಿನ ನೀರಿನಲ್ಲಿ ಎರಡು ಮೂರು ಸಲ ತೊಳೆಯಿರಿ. ಮೋಟಾರು ಐದು ನಿಮಿಷ ಓಡಿದ ಮೇಲೆ ನೀರು ತುಂಬಿ ಮುಚ್ಚಳ ಬಿಗಿಯಾಗಿ ಹಾಕಿ. ಬಾಟಲಿಗೆ ಒಂದು ಚೀಟಿ ಅಂಟಿಸಿ. ಬೇರೆಯವರ ಕೈಲಿ ಬರೆಸಬೇಡಿ, ನೀವೇ ಬರೆಯಿರಿ: ಊರಿನ ಹೆಸರು, ಬೋರು ಎಲ್ಲಿದೆ, ಎಷ್ಟು ಅಡಿ, ನೀರು ತುಂಬಿದ ತಾರೀಖು.